ಭಾರ ಇಳಿದ ಮೇಲೆ ಬಿದ್ದ ಚೈನ್ ಪುಲ್ಲಿ

ಪ್ರಶ್ನೆ: ನಮ್ಮದು ಪೀಣ್ಯದಲ್ಲಿ ಹದಿನಾಲ್ಕು ಜನ ಕೆಲಸ ಮಾಡುವ ಮಷಿನ್ ಶಾಪ್. ಹೋದ ತಿಂಗಳು 320 ಕೆ.ಜಿ. ತೂಕದ ಗೇರ್‌ಬಾಕ್ಸ್ ಒಂದನ್ನು 1 ಟನ್ ಚೈನ್ ಪುಲ್ಲಿಯಲ್ಲಿ ಎತ್ತಿ ಬೇಸ್ ಮೇಲೆ ಕೂರಿಸಿದೆವು. ಭಾರ ಸರಿಯಾಗಿಯೇ ಕೂತಿತು. ಗೇರ್‌ಬಾಕ್ಸಿಗೆ ಸುತ್ತಿದ್ದ ಎತ್ತುವ ಬೆಲ್ಟ್ ಬಿಚ್ಚಲು ಹೆಲ್ಪರ್ ಹುಡುಗ ಕೈ ಹಾಕಿದ, ಇನ್ನೊಬ್ಬ ಚೈನ್ ಸಡಿಲ ಬಿಡುತ್ತಿದ್ದ. ಅಷ್ಟರಲ್ಲಿ ಮೇಲೆ ಬೀಮಿಗೆ ನೇತುಹಾಕಿದ್ದ ಪುಲ್ಲಿಯೇ ಕಳಚಿ ಅವನ ಬಲಗೈ ಮೇಲೆ ಬಿತ್ತು. ನಡುಬೆರಳಿನ ತುದಿಗೆಣ್ಣು ಹೋಯಿತು, ತೋರುಬೆರಳು ಜಜ್ಜಿದೆ. ಗ್ಲೌಸ್ ಹಾಕಿದ್ದರೆ ಇಷ್ಟಾಗುತ್ತಿರಲಿಲ್ಲ, ತಪ್ಪು ಅವನದೇ ಎಂದು ಮಾಲೀಕರು ಹೇಳುತ್ತಾರೆ. ಪುಲ್ಲಿಗೆ ಮೇಲ್ನೋಟಕ್ಕೆ ಏನೂ ಆಗಿಲ್ಲ. ಮೆಕ್ಯಾನಿಕ್ ಬಿಚ್ಚಿ, ತೊಳೆದು, ಗ್ರೀಸ್ ಹಾಕಿ ಕೊಟ್ಟಿದ್ದಾನೆ. ಮತ್ತೆ ಬಳಸಬಹುದೇ? ಭಾರವೇ ಇಲ್ಲದಾಗ ಪುಲ್ಲಿ ಬಿದ್ದದ್ದು ಹೇಗೆ? ಹುಡುಗನಿಗೆ ಏನು ಸಿಗಬೇಕು?
— ಒಬ್ಬ ಸೂಪರ್‌ವೈಸರ್, ಬೆಂಗಳೂರು

ಉತ್ತರ: ಮೊದಲು ಆ ಪುಲ್ಲಿಗೆ ‘ಬಳಸಬೇಡಿ’ ಎಂದು ಬರೆದ ಚೀಟಿಯನ್ನು ತಂತಿಯಲ್ಲಿ ಕಟ್ಟಿ, ಬೀಗ ಇರುವ ಕಡೆ ಇಡಿ. ಶಾಪಿನ ಮೂಲೆಯಲ್ಲಿ ಇಟ್ಟರೆ ಸಾಲದು; ಸಂಜೆ ಅರ್ಜೆಂಟ್ ಕೆಲಸ ಬಂದಾಗ ಯಾರೋ ಒಬ್ಬರು ಅದನ್ನೇ ಎತ್ತಿಕೊಂಡು ಹೋಗುತ್ತಾರೆ. ಎತ್ತರದಿಂದ ಬಿದ್ದ ಪುಲ್ಲಿ, ಸಾಲದ್ದಕ್ಕೆ ಒಳಗೆಲ್ಲ ಗ್ರೀಸ್ ಕಂಡ ಪುಲ್ಲಿ. ಅದರ ಬ್ರೇಕನ್ನು ಈಗ ನಂಬುವಂತಿಲ್ಲ. ಯಾಕೆ ಎಂಬುದನ್ನು ಆಮೇಲೆ ಹೇಳುತ್ತೇನೆ. ನಿಮ್ಮ ಪ್ರಶ್ನೆಗಳಲ್ಲಿ ಮುಖ್ಯವಾದದ್ದು ನಡುವಿನದು, ಭಾರವಿಲ್ಲದಾಗ ಬಿದ್ದದ್ದು ಹೇಗೆ ಎಂಬುದು.

ಭಾರ ಇಲ್ಲದ್ದರಿಂದಲೇ ಬಿದ್ದಿದೆ. ಗೇರ್‌ಬಾಕ್ಸ್ ತೂಗುತ್ತಿದ್ದಾಗ ಮೇಲಿನ ಹುಕ್ಕನ್ನು 320 ಕೆ.ಜಿ. ಕೆಳಕ್ಕೆ ಎಳೆದು ಹಿಡಿದಿತ್ತು. ಹುಕ್ಕಿನ ತಳ ತಾನಾಗಿಯೇ ಆಧಾರದ ಮೇಲೆ ಸರಿಯಾಗಿ ಕೂತಿರುತ್ತದೆ, ಅಲ್ಲಾಡಿಸಿದರೂ ಅಲ್ಲಾಡುವುದಿಲ್ಲ. ಭಾರ ಬೇಸ್ ಮೇಲೆ ಕೂತ ಕ್ಷಣದಿಂದ ಆ ಹುಕ್ಕಿನ ಮೇಲೆ ಉಳಿಯುವುದು ಪುಲ್ಲಿಯ ಸ್ವಂತ ತೂಕ ಮಾತ್ರ. 1 ಟನ್ ಪುಲ್ಲಿ, ಮೂರು ಮೀಟರ್ ಚೈನ್ ಸೇರಿ, ಸುಮಾರು 12 ಕೆ.ಜಿ. ಎಂದಿಟ್ಟುಕೊಳ್ಳಿ. ಕೈ ಚೈನ್ ಎಳೆಯುವವನು ನೇರ ಕೆಳಗೆ ನಿಂತು ಎಳೆಯುವುದು ಅಪರೂಪ. ಗೇರ್‌ಬಾಕ್ಸ್ ಅಡ್ಡ ಇರುತ್ತದಲ್ಲ, ಪಕ್ಕಕ್ಕೆ ನಿಂತು ಓರೆಯಾಗಿ ಜಗ್ಗುತ್ತಾನೆ. ಒಬ್ಬ ಆಳು 20–25 ಕೆ.ಜಿ. ಬಲದಲ್ಲಿ ಓರೆಯಾಗಿ ಜಗ್ಗಿದರೆ 12 ಕೆ.ಜಿ.ಯ ಪುಲ್ಲಿ ಪಕ್ಕಕ್ಕೆ ವಾಲುತ್ತದೆ, ಬಿಟ್ಟಾಗ ವಾಪಸ್ ತೂಗುತ್ತದೆ. ಹೀಗೆ ಎರಡು ಮೂರು ಸಲ ತೂಗಿದರೆ ಹುಕ್ ತನ್ನ ಜಾಗದಿಂದ ಮೇಲೆ ಏರಿ ಬಾಯಿಯ ಕಡೆ ಜಾರುತ್ತದೆ. ಬಾಯಿಗೆ ಅಡ್ಡ ಲ್ಯಾಚ್, ಅಂದರೆ ಸ್ಪ್ರಿಂಗ್ ಇರುವ ಪಟ್ಟಿ, ಇದ್ದರೆ ಅಲ್ಲೇ ನಿಲ್ಲುತ್ತದೆ. ಇಲ್ಲದಿದ್ದರೆ ಹೊರಗೆ ಬರುತ್ತದೆ.

ಆದ್ದರಿಂದ ಎರಡು ವಿಷಯ ನೋಡಿಕೊಳ್ಳಿ. ಮೇಲಿನ ಹುಕ್ಕಿನ ಲ್ಯಾಚ್ ಇದೆಯೇ, ಇದ್ದರೆ ಅದರ ಸ್ಪ್ರಿಂಗ್ ಜೀವಂತವಾಗಿದೆಯೇ, ಪಟ್ಟಿಯ ತುದಿ ಹುಕ್ಕಿನ ಮೂಗಿನ ಒಳಗೆ ಬಂದು ಒರಗುತ್ತದೆಯೇ? ಹುಕ್ಕಿನ ಬಾಯಿ ಅಗಲವಾಗಿದ್ದರೆ ಹೊಸ ಲ್ಯಾಚೂ ಮೂಗನ್ನು ದಾಟಿ ಹೊರಗೆ ಹೋಗುತ್ತದೆ. ಆಗ ಕೆಟ್ಟಿರುವುದು ಹುಕ್, ಲ್ಯಾಚ್ ಅಲ್ಲ. ಎರಡನೆಯದು, ಹುಕ್ಕನ್ನು ಯಾವುದಕ್ಕೆ ಸಿಕ್ಕಿಸಿದ್ದಿರಿ? ನಮ್ಮ ಸಣ್ಣ ಶಾಪುಗಳಲ್ಲಿ ಹೆಚ್ಚಾಗಿ ಕಾಣುವುದು ಬೀಮಿಗೆ ವೆಲ್ಡ್ ಮಾಡಿದ ಸರಳಿನ ಬಳೆ, ಇಲ್ಲವೇ ಬೀಮನ್ನು ಸುತ್ತಿ ಕಟ್ಟಿದ ಹಳೇ ಚೈನಿನ ತುಂಡು, ಇಲ್ಲವೇ ಹುಕ್ಕಿನ ಮೂಗನ್ನು ನೇರ ಬೀಮಿನ ಅಂಚಿಗೆ ತಗುಲಿಸುವುದು. ಮೂರನೆಯದು ಎಲ್ಲಕ್ಕಿಂತ ಕೆಟ್ಟದ್ದು. ಭಾರ ಹುಕ್ಕಿನ ತಳಕ್ಕೆ ಬೀಳದೆ ತುದಿಗೆ ಬೀಳುತ್ತದೆ, ಹುಕ್ ನಿಧಾನವಾಗಿ ಬಿಚ್ಚಿಕೊಳ್ಳುತ್ತದೆ. ವರ್ಷಾನುಗಟ್ಟಲೆ ಏನೂ ಆಗಲಿಲ್ಲ ಎಂದು ನಂಬಿಕೊಂಡಿರುತ್ತೇವೆ. ಆಗುತ್ತಲೇ ಇರುತ್ತದೆ, ಕಾಣುವುದಿಲ್ಲ ಅಷ್ಟೆ.

ಇದನ್ನು ಸರಿಮಾಡಲು ದೊಡ್ಡ ಖರ್ಚಿಲ್ಲ. ಬೀಮಿನ ಅಂಚಿಗೆ ಹಾಕುವ ಬೀಮ್ ಕ್ಲ್ಯಾಂಪ್ ಅಥವಾ ಅಂಚಿನ ಮೇಲೆ ಚಕ್ರದಲ್ಲಿ ಓಡುವ ಪುಶ್ ಟ್ರಾಲಿ ತನ್ನಿ. ಪುಲ್ಲಿಯ ಹುಕ್ಕನ್ನು ಅದಕ್ಕೆ ನೇರ ಸಿಕ್ಕಿಸದೆ ನಡುವೆ 2 ಟನ್ನಿನ ಬೋ ಶಾಕಲ್ (ಅಡ್ಡ ಪಿನ್ ಇರುವ ಬಿಲ್ಲಿನಾಕಾರದ ಕೊಂಡಿ) ಒಂದನ್ನು ಹಾಕಿ. ಶಾಕಲ್ಲಿನ ಪಿನ್ನನ್ನು ಪೂರ್ತಿ ತಿರುಗಿಸಿ, ಪಿನ್ನಿನ ತೂತಿನಿಂದ ಶಾಕಲ್ಲಿನ ದೇಹಕ್ಕೆ ಮೆತುತಂತಿ ಸುತ್ತಿ ಕಟ್ಟಿ. ಅಲ್ಲಾಟಕ್ಕೆ ಪಿನ್ ತಾನೇ ಬಿಚ್ಚಿಕೊಳ್ಳುವುದು ಹೊಸ ಸುದ್ದಿಯೇನಲ್ಲ. ಕೊನೆಯದಾಗಿ, ಪುಲ್ಲಿಯ ಮೇಲಿನ ಹುಕ್ಕಿನ ಕತ್ತಿನಿಂದ ಬೀಮಿನ ಸುತ್ತ 8 ಮಿ.ಮೀ. ವೈರ್ ರೋಪಿನ ಒಂದು ಸುತ್ತು. ಹುಕ್ ಕಳಚಿದರೂ ಪುಲ್ಲಿ ಒಂದು ಗೇಣು ಜಾರಿ ಅಲ್ಲೇ ನೇತಾಡುತ್ತದೆ. ಈ ರೋಪು ಪುಲ್ಲಿಯ ತೂಕಕ್ಕೆ ಮಾತ್ರ, ಭಾರಕ್ಕಲ್ಲ. ಅದನ್ನು ನೆಚ್ಚಿಕೊಂಡು ಲ್ಯಾಚ್ ಇಲ್ಲದ ಹುಕ್ಕಲ್ಲಿ ಕೆಲಸ ನಡೆಸಬೇಡಿ.

ಟ್ರಾಲಿ ಹಾಕುವುದಾದರೆ ಒಂದು ಎಚ್ಚರಿಕೆ. ಟ್ರಾಲಿಯ ಎರಡು ಪಕ್ಕದ ಪ್ಲೇಟುಗಳ ನಡುವಿನ ಅಂತರವನ್ನು ವಾಷರ್ ಹಾಕಿ ಹೊಂದಿಸಿರುತ್ತಾರೆ. 200ರ ಬೀಮಿನ ಅಂಚು 100 ಮಿ.ಮೀ. ಅಗಲ, 150ರದ್ದು ಅದಕ್ಕಿಂತ ಕಿರಿದು. ದೊಡ್ಡ ಬೀಮಿಗೆ ಹೊಂದಿಸಿದ ಟ್ರಾಲಿಯನ್ನು ಹಾಗೇ ಸಣ್ಣದಕ್ಕೆ ಏರಿಸಿದರೆ ಚಕ್ರ ಅಂಚಿನ ತುದಿಯಲ್ಲಿ ಮಾತ್ರ ಕೂತಿರುತ್ತದೆ. ಭಾರ ಒಂದು ಪಕ್ಕಕ್ಕೆ ವಾಲಿದ ದಿನ ಟ್ರಾಲಿ, ಪುಲ್ಲಿ, ಭಾರ ಮೂರೂ ಒಟ್ಟಿಗೆ ಕೆಳಗೆ. ಬೀಮಿನ ಎರಡೂ ತುದಿಗೆ ಸ್ಟಾಪರ್ ಬೇಕು, ವೆಲ್ಡ್‌ಗಿಂತ ಬೋಲ್ಟ್ ಹಾಕಿದ ಆಂಗಲ್ ತುಂಡು ಒಳ್ಳೆಯದು.

ಇನ್ನು ಗ್ಲೌಸಿನ ಮಾತು. ಮೂರು ಮೀಟರ್ ಎತ್ತರದಿಂದ ಬಿದ್ದ 12 ಕೆ.ಜಿ. ವಸ್ತು ಕೈಗೆ ತಾಗುವಾಗ ಗಂಟೆಗೆ ಸುಮಾರು 27 ಕಿ.ಮೀ. ವೇಗದಲ್ಲಿರುತ್ತದೆ, ಅದರ ಹೊಡೆತ 350 ಜೂಲ್ ದಾಟುತ್ತದೆ. ಬೆರಳ ಬೆನ್ನಿಗೆ ರಬ್ಬರ್ ಉಬ್ಬು ಇರುವ, ‘ಇಂಪ್ಯಾಕ್ಟ್ ಗ್ಲೌಸ್’ ಎಂದು ಮಾರುವ ದುಬಾರಿ ಗ್ಲೌಸುಗಳನ್ನು ಪರೀಕ್ಷಿಸುವುದೇ 5 ಜೂಲ್ ಹೊಡೆತದಲ್ಲಿ. ಎಪ್ಪತ್ತು ಪಟ್ಟು ವ್ಯತ್ಯಾಸ. ನಿಮ್ಮ ಶಾಪಿನಲ್ಲಿ ಇರಬಹುದಾದ ಚರ್ಮದ ಗ್ಲೌಸೋ ಹತ್ತಿಯ ಗ್ಲೌಸೋ ಲೋಹದ ಚೂಪು ಅಂಚು (ಬರ್) ಚುಚ್ಚದಂತೆ, ವೈರ್ ರೋಪಿನ ಮುಳ್ಳು ತಾಗದಂತೆ ಕಾಯುತ್ತದೆ, ಅದಕ್ಕಾಗಿ ಹಾಕಲೇಬೇಕು. ಜಜ್ಜುವ ಭಾರದ ಮುಂದೆ ಅದು ಬಟ್ಟೆ. ದೊಗಳೆ ಗ್ಲೌಸ್ ಆದರೆ ಬೆಲ್ಟಿಗೆ ಸಿಕ್ಕಿಕೊಂಡು ಬೆರಳನ್ನೂ ಜೊತೆಗೆ ಎಳೆದುಕೊಂಡು ಹೋಗುವ ಅಪಾಯವೂ ಇದೆ. ಮಾಲೀಕರಿಗೆ ಈ ಲೆಕ್ಕವನ್ನು ಹಾಗೇ ತೋರಿಸಿ.

ಹುಷಾರಾಗಿದ್ದರೆ ಕೈ ಎಳೆದುಕೊಳ್ಳಬಹುದಿತ್ತು ಎನ್ನುವವರಿಗೂ ಒಂದು ಲೆಕ್ಕ. ಒಂದು ಅಡಿ ಎತ್ತರದಿಂದ ಬೀಳಲು ಕಾಲು ಸೆಕೆಂಡು ಸಾಕು. ಕಣ್ಣು ಕಂಡು, ತಲೆಗೆ ತಿಳಿದು, ಕೈ ಅಲ್ಲಾಡಲು ಶುರುವಾಗುವುದಕ್ಕೇ ಅಷ್ಟು ಹೊತ್ತು ಬೇಕು. ಮೂರು ಮೀಟರಿನಿಂದ ಬೀಳಲು ಮುಕ್ಕಾಲು ಸೆಕೆಂಡು ಇದೆ, ನಿಜ. ಆದರೆ ಬೆಲ್ಟ್ ಬಿಚ್ಚುವವನ ಕಣ್ಣು ಬೆಲ್ಟಿನ ಮೇಲೆ ಇರುತ್ತದೆ, ಸೂರಿನ ಮೇಲಲ್ಲ.

ಹಾಗಾದರೆ ಕೇಳಬೇಕಾದ ಪ್ರಶ್ನೆ ಬೇರೆ: ಕೈಗೆ ಅಲ್ಲಿ ಏನು ಕೆಲಸವಿತ್ತು? ಪುಲ್ಲಿ ಬೀಳದಂತೆ ನೋಡಿಕೊಳ್ಳುವುದು ಒಂದು ಕಡೆ. ಬಿದ್ದರೂ ಅದರ ಕೆಳಗೆ ಕೈ ಇರದಂತೆ ಕೆಲಸವನ್ನು ಹೊಂದಿಸುವುದು ಇನ್ನೊಂದು ಕಡೆ. ಸಾಮಾನ್ಯವಾಗಿ ಮೊದಲನೆಯದಕ್ಕೇ ನಮ್ಮ ಗಮನ ಮುಗಿದುಹೋಗುತ್ತದೆ. ಎತ್ತುವ ಕೆಲಸದಲ್ಲಿ ಕೈ ಮೂರು ಹೊತ್ತಿನಲ್ಲಿ ಸಿಕ್ಕಿಬೀಳುತ್ತದೆ: ಬೆಲ್ಟ್ ಬಿಗಿಯಾಗುವಾಗ, ಭಾರ ಕೂರುವಾಗ, ಬೆಲ್ಟ್ ಬಿಚ್ಚುವಾಗ.

ಬಿಗಿಯಾಗುವ ಹೊತ್ತಿನದು ಹೀಗೆ. ಬೆಲ್ಟ್ ಜಾರದಿರಲಿ ಎಂದು ಹೆಲ್ಪರ್ ಅದನ್ನು ಬೆರಳು ಸುತ್ತಿ ಹಿಡಿದಿರುತ್ತಾನೆ. ಇನ್ನೊಬ್ಬ ಚೈನ್ ಎಳೆದಾಗ ಬೆಲ್ಟ್ ಒಮ್ಮೆಲೇ ಬಿಗಿಯಾಗಿ ಬೆರಳನ್ನು ಗೇರ್‌ಬಾಕ್ಸಿನ ಮೈಗೆ ಒತ್ತುತ್ತದೆ. ಇಲ್ಲಿ ಏನೂ ಬೀಳಬೇಕಾಗಿಲ್ಲ. ಬೆಲ್ಟನ್ನು ಹಿಡಿಯಲೇಬೇಕಾದರೆ ಅಂಗೈ ಚಪ್ಪಟೆ ಮಾಡಿ ಹೊರಗಿನಿಂದ ಒತ್ತಬೇಕು, ಬೆರಳು ಒಳಗೆ ಹೋಗಬಾರದು. ಅದಕ್ಕಿಂತ ಒಳ್ಳೆಯದು ಒಂದು ಮೀಟರ್ ಉದ್ದದ ಮರದ ಕೋಲಿಗೆ ಕವೆ ಕಟ್ಟಿಕೊಂಡು ಅದರಲ್ಲಿ ಒತ್ತಿ ಹಿಡಿಯುವುದು. ಬೆಲ್ಟ್ ಅರೆಬಿಗಿಯಾದಾಗ ಚೈನ್ ನಿಲ್ಲಬೇಕು. ಕೈ ತೆಗೆದದ್ದನ್ನು ಕಣ್ಣಾರೆ ನೋಡಿ, ‘ಕೈ ಬಿಟ್ಟೆ’ ಎಂಬ ಮಾತು ಕೇಳಿಸಿಕೊಂಡೇ ಮುಂದಿನ ಎಳೆತ. ಗ್ರೈಂಡರ್ ಸದ್ದಿನಲ್ಲಿ ಮಾತು ಕೇಳುವುದಿಲ್ಲ ಎಂದಾದರೆ ಎತ್ತುವಷ್ಟು ಹೊತ್ತು ಗ್ರೈಂಡರ್ ನಿಲ್ಲಿಸಿ. ಐದು ನಿಮಿಷದ ಕೆಲಸ. ಮೊದಲ ಎಳೆತಕ್ಕೆ ಭಾರವನ್ನು ನಾಲ್ಕು ಬೆರಳಷ್ಟು ಮಾತ್ರ ಎತ್ತಿ ನಿಲ್ಲಿಸಿ. ವಾಲುವುದಾದರೆ, ಬ್ರೇಕ್ ಜಾರುವುದಾದರೆ, ಬೆಲ್ಟ್ ಸರಿಯುವುದಾದರೆ ಅಲ್ಲೇ ಗೊತ್ತಾಗುತ್ತದೆ.

ಕೂರುವ ಹೊತ್ತಿನಲ್ಲಿ ಬೆರಳು ಹೋಗುವುದು ಬೋಲ್ಟ್ ತೂತು ನೋಡಲು. ತೂತು ಸೇರಿತೇ ಎಂದು ಬೆರಳು ಹಾಕಿ ನೋಡುವ ಚಾಳಿ ಒಳ್ಳೊಳ್ಳೆ ಫಿಟ್ಟರುಗಳಿಗೂ ಇದೆ. ಇದಕ್ಕೆ ಗೈಡ್ ಸ್ಟಡ್ ಎಂಬ ಸುಲಭ ಉಪಾಯ ಇದೆ. ಬೇಸಿನ ತೂತುಗಳು ಎಂ16 ಆದರೆ 150 ಮಿ.ಮೀ. ಉದ್ದದ ಎಂ16 ಸ್ಟಡ್ ಎರಡನ್ನು ಓರೆಯಾಗಿ ಎದುರುಬದುರು ಇರುವ ಎರಡು ತೂತಿಗೆ ತಿರುಗಿಸಿ ನಿಲ್ಲಿಸಿ. ಮೇಲ್ತುದಿಯನ್ನು ಲೇತಿನಲ್ಲಿ ಪೆನ್ಸಿಲ್ಲಿನ ಹಾಗೆ ಚೂಪು ಮಾಡಿರಬೇಕು. ಒಂದನ್ನು ಇನ್ನೊಂದಕ್ಕಿಂತ 30 ಮಿ.ಮೀ. ಉದ್ದ ಇಟ್ಟರೆ ಇನ್ನೂ ಅನುಕೂಲ, ಮೊದಲು ಉದ್ದದ್ದಕ್ಕೆ ಪೋಣಿಸಿ ಆಮೇಲೆ ಇನ್ನೊಂದಕ್ಕೆ ತಿರುಗಿಸಬಹುದು. ಗೇರ್‌ಬಾಕ್ಸ್ ಆ ಎರಡು ಕಂಬಗಳ ಗುಂಟ ತಾನೇ ಜಾಗಕ್ಕೆ ಇಳಿಯುತ್ತದೆ. ಉಳಿದ ಬೋಲ್ಟ್ ಹಾಕಿದ ಮೇಲೆ ಸ್ಟಡ್ ತೆಗೆದು ಅಲ್ಲಿಗೂ ಬೋಲ್ಟ್ ಹಾಕಿ. ಚೂರುಪಾರು ಸರಿಸಲು ಟಾಮಿ (ಮೀಟುವ ಕಬ್ಬಿಣದ ಸರಳು) ಇದೆ. ಭಾರವನ್ನು ತಿರುಗಿಸಲು ಕೈ ಬೇಡ. ಎರಡು ಮೀಟರ್ ಉದ್ದದ ಹಗ್ಗವನ್ನು ಎರಡು ಮೂಲೆಗೆ ಕಟ್ಟಿ ದೂರದಿಂದ ಎಳೆಯಲಿ. ಹಗ್ಗವನ್ನು ಯಾರೂ ಮುಂಗೈಗೆ ಸುತ್ತಿಕೊಳ್ಳಬಾರದು.

ನಿಮ್ಮಲ್ಲಿ ಅನಾಹುತ ಆದದ್ದು ಮೂರನೇ ಹೊತ್ತಿನಲ್ಲಿ, ಎಲ್ಲರೂ ಉಸಿರು ಬಿಡುವ ಹೊತ್ತಿನಲ್ಲಿ. ಭಾರ ಕೂತಿತು, ಕೆಲಸ ಮುಗಿಯಿತು ಎಂಬ ನಿರಾಳ. ಮುಂದಿನ ಸಲದಿಂದ ಹೀಗೆ ಮಾಡಿ. ಭಾರ ಕೂತ ಮೇಲೆ ಚೈನನ್ನು ಒಂದು ಗೇಣು ಮಾತ್ರ ಸಡಿಲ ಬಿಡಿ, ನಿಲ್ಲಿಸಿ. ಚೈನ್ ಎಳೆಯುವವನು ಚೈನಿನಿಂದ ಕೈ ತೆಗೆಯಲಿ. ಪುಲ್ಲಿ ತೂಗಾಡುವುದು ನಿಲ್ಲಲಿ. ಒಬ್ಬರು ತಲೆ ಎತ್ತಿ ಮೇಲಿನ ಹುಕ್ ನೋಡಲಿ, ಕೂತಿದೆ ಎಂದು ಹೇಳಲಿ. ಆಮೇಲೆ ಕೋಲಿನ ಕೊಕ್ಕೆಯಲ್ಲಿ ಕೆಳಗಿನ ಹುಕ್ಕನ್ನು ಬೆಲ್ಟಿನಿಂದ ಬಿಡಿಸಿ, ಟ್ರಾಲಿ ಇದ್ದರೆ ಪುಲ್ಲಿಯನ್ನು ಪಕ್ಕಕ್ಕೆ ತಳ್ಳಿ. ಮೇಲೆ ಏನೂ ಇಲ್ಲದಾದ ಮೇಲೆ ಬೆಲ್ಟಿಗೆ ಕೈ. ಚೈನ್ ಚಲಿಸುತ್ತಿರುವಾಗ ಯಾರ ಕೈಯೂ ಪುಲ್ಲಿಯ ಕೆಳಗೆ ಇರಬಾರದು ಎಂಬುದೊಂದನ್ನೇ ಹಿಡಿದುಕೊಂಡರೂ ಆ ಹುಡುಗನ ಬೆರಳು ಉಳಿಯುತ್ತಿತ್ತು.

ಬೆಲ್ಟ್ ಭಾರದಡಿ ಸಿಕ್ಕಿಕೊಂಡರೆ ಹುಕ್ಕಿಗೆ ಹಾಕಿ ಎಳೆಯಬೇಡಿ. ಬೆಲ್ಟ್ ಚಿಮ್ಮಿ ಬರುವಾಗ ಪುಲ್ಲಿಯನ್ನೇ ಕುಣಿಸುತ್ತದೆ. ಮೊದಲೇ ಎರಡು ಮರದ ಪಟ್ಟಿ, 50ಕ್ಕೆ 50 ಮಿ.ಮೀ. ಇದ್ದರೆ ಸಾಕು, ಬೇಸಿನ ಮೇಲಿಟ್ಟು ಅದರ ಮೇಲೆ ಭಾರ ಕೂರಿಸಿದರೆ ಬೆಲ್ಟ್ ಸಲೀಸಾಗಿ ಬರುತ್ತದೆ. ಪಟ್ಟಿ ಇಡುವುದೂ ತೆಗೆಯುವುದೂ ಪಕ್ಕದಿಂದ, ಉದ್ದ ಪಟ್ಟಿಯ ಹೊರತುದಿ ಹಿಡಿದು. ಗೇರ್‌ಬಾಕ್ಸಿಗೆ ತಲೆಯಲ್ಲಿ ಬಳೆ ಇರುವ ಐ ಬೋಲ್ಟ್ ಇದ್ದರೆ ಬೆಲ್ಟ್ ಸುತ್ತುವ ಗೋಜೇ ಬೇಡ. ಬೆಲ್ಟಿನ ಬಣ್ಣ ಗೊತ್ತಿರಲಿ: ನೇರಳೆ 1 ಟನ್, ಹಸಿರು 2 ಟನ್, ಹಳದಿ 3 ಟನ್. ಹುಕ್ಕಿನಿಂದ ಎರಡು ಕಡೆಗೆ ಇಳಿಯುವ ಬೆಲ್ಟಿನ ಎರಡು ಕಾಲಿನಲ್ಲಿ ಎತ್ತುವಾಗ ಬೆಲ್ಟು ನೆಲಕ್ಕೆ 30 ಡಿಗ್ರಿಯಷ್ಟು ಮಲಗಿದರೆ ಒಂದೊಂದು ಕಾಲಿನ ಮೇಲೂ ಪೂರ್ತಿ 320 ಕೆ.ಜಿ. ಬೀಳುತ್ತದೆ, ಅರ್ಧರ್ಧ ಅಲ್ಲ. 60 ಡಿಗ್ರಿಗೆ ನಿಲ್ಲಿಸಿದರೆ ಸುಮಾರು 185. ನಿಮ್ಮ ಭಾರಕ್ಕೆ ಇದು ದೊಡ್ಡ ವಿಷಯವಲ್ಲ, ಒಂದು ಟನ್ನಿನ ಹತ್ತಿರ ಹೋದಾಗ ನೆನಪಿರಲಿ.

ಈಗ ಗ್ರೀಸ್. ಚೈನ್ ಪುಲ್ಲಿ ಭಾರವನ್ನು ಹಿಡಿದು ನಿಲ್ಲಿಸುವುದು ಗೇರಿನಿಂದ ಅಲ್ಲ, ಒಳಗಿರುವ ಬ್ರೇಕಿನಿಂದ. ಕೈ ಚೈನಿನ ಚಕ್ರ ಒಂದು ಸ್ಕ್ರೂ ಎಳೆಯ ಮೇಲೆ ಕೂತಿರುತ್ತದೆ. ಅದರ ಪಕ್ಕದಲ್ಲಿ ಒಂದು ರ‍್ಯಾಚೆಟ್ ಚಕ್ರ, ಅದರ ಎರಡೂ ಬದಿಗೆ ತೆಳು ಬಿಲ್ಲೆಯಂಥ ಲೈನಿಂಗ್. ಭಾರ ಕೆಳಕ್ಕೆ ಜಗ್ಗಿದಷ್ಟೂ ಸ್ಕ್ರೂ ಬಿಗಿಯಾಗಿ ಲೈನಿಂಗನ್ನು ರ‍್ಯಾಚೆಟ್ಟಿಗೆ ಅದುಮುತ್ತದೆ, ರ‍್ಯಾಚೆಟ್ಟನ್ನು ಪಾಲ್ ಎಂಬ ಸಣ್ಣ ನಾಲಿಗೆ ತಡೆದು ನಿಲ್ಲಿಸುತ್ತದೆ. ಎತ್ತುವಾಗ ಟಕ್ ಟಕ್ ಎನ್ನುವುದು ಆ ನಾಲಿಗೆ. ಇಡೀ ವ್ಯವಸ್ಥೆ ನಿಂತಿರುವುದು ಲೈನಿಂಗಿನ ಒರಟುತನದ ಮೇಲೆ. ಸಾಮಾನ್ಯವಾಗಿ ಈ ಪುಲ್ಲಿಗಳ ಲೈನಿಂಗ್ ಒಣಗಿರಬೇಕು. ಅಲ್ಲಿಗೆ ಗ್ರೀಸ್ ಹೋದರೆ ಭಾರ ಮೆಲ್ಲಗೆ ಜಾರತೊಡಗುತ್ತದೆ, ಒಮ್ಮೊಮ್ಮೆ ಜರ್ರನೆ ಇಳಿಯುತ್ತದೆ. ಪಾಲಿನ ಸ್ಪ್ರಿಂಗ್ ಮುರಿದಿದ್ದರೆ, ಅಥವಾ ಗಟ್ಟಿ ಗ್ರೀಸಿನಲ್ಲಿ ಪಾಲ್ ಅಂಟಿಕೊಂಡು ಹಲ್ಲಿಗೆ ಬೀಳದೆ ಹೋದರೆ, ಹಿಡಿಯುವುದು ಏನೂ ಉಳಿಯುವುದಿಲ್ಲ. ಎಣ್ಣೆ ಬೇಕಾದದ್ದು ಭಾರ ಹೊರುವ ಲೋಡ್ ಚೈನಿನ ಕೊಂಡಿಗಳ ಸಂದಿಗೆ ಮತ್ತು ಹುಕ್ಕಿನ ತಿರುಗುಗಂಟಿಗೆ. ಗೇರಿಗೆ ತಯಾರಕರು ಹೇಳಿದಷ್ಟು ಗ್ರೀಸ್. ಬ್ರೇಕಿಗೆ ಏನೂ ಇಲ್ಲ.

ಇಲ್ಲಿ ಆಯುಧ ಪೂಜೆಯ ಮಾತನ್ನೂ ಹೇಳಬೇಕು. ಹಿಂದಿನ ದಿನ ಪುಲ್ಲಿಯನ್ನು ಡೀಸೆಲ್ಲಿನಲ್ಲಿ ಮುಳುಗಿಸಿ ತೊಳೆದು, ಹುಕ್ಕಿಗೂ ಚೈನಿಗೂ ಸೇರಿಸಿ ಬಣ್ಣ ಬಳಿಯುವ ಪದ್ಧತಿ ಬಹಳ ಶಾಪುಗಳಲ್ಲಿದೆ. ಡೀಸೆಲ್ ಲೈನಿಂಗಿಗೆ ಇಳಿಯುತ್ತದೆ. ಬಣ್ಣ ಹುಕ್ಕಿನ ಬಿರುಕನ್ನೂ ಮೈಮೇಲೆ ಕೊರೆದಿರುವ ‘1 ಟನ್’ ಗುರುತನ್ನೂ ಒಟ್ಟಿಗೆ ಮುಚ್ಚುತ್ತದೆ. ಕುಂಕುಮ, ಹೂವು ಸಾಕು, ಬಣ್ಣ ಬೇಡ.

ಮತ್ತೆ ಬಳಸಬಹುದೇ ಎಂಬುದಕ್ಕೆ ಉತ್ತರ ಅಳತೆಯಲ್ಲಿದೆ. ಎರಡೂ ಹುಕ್ಕಿನ ಬಾಯಗಲವನ್ನು ವರ್ನಿಯರಿನಲ್ಲಿ ಅಳೆದು ತಯಾರಕರ ಅಳತೆಗೆ ಹೋಲಿಸಿ. ಶೇ. 10ರಷ್ಟು ತೆರೆದಿದ್ದರೆ, ಅಂದರೆ 28 ಮಿ.ಮೀ. ಇದ್ದದ್ದು 31ರ ಹತ್ತಿರ ಹೋಗಿದ್ದರೆ, ಹುಕ್ ಗುಜರಿಗೆ. ಕೆಲವು ತಯಾರಕರು ಶೇ. 5ಕ್ಕೇ ತೆಗೆಯಲು ಹೇಳುತ್ತಾರೆ, ಹಾಗಿದ್ದರೆ ಅದೇ ಮಾತು. ಎದುರಿನಿಂದ ನೋಡಿದಾಗ ಮೂಗು ಪಕ್ಕಕ್ಕೆ ತಿರುಚಿಕೊಂಡಿರುವುದು ಕಂಡರೂ ಅಷ್ಟೆ. ಕೆಂಪಗೆ ಕಾಯಿಸಿ ಬಡಿದು ಮುಚ್ಚುವ ಕಮ್ಮಾರಿಕೆ ಇಲ್ಲಿ ಸಲ್ಲದು. ಹುಕ್ಕಿಗೆ ಕೊಟ್ಟಿದ್ದ ಹದ ಹೋಗುತ್ತದೆ, ನೋಡಲು ಹೊಸದರಂತೆ ಕಂಡು ಒಂದು ದಿನ ಹೇಳದೆ ಕೇಳದೆ ಬಿಚ್ಚಿಕೊಳ್ಳುತ್ತದೆ. ಹುಕ್ಕಿಗೆ ವೆಲ್ಡಿಂಗ್ ಕೂಡ ಬೇಡ, ಲ್ಯಾಚ್ ಕೂರಿಸಲು ಒಂದು ಚುಕ್ಕೆ ವೆಲ್ಡ್ ಸಹ.

1 ಟನ್ ಪುಲ್ಲಿಯ ಲೋಡ್ ಚೈನ್ ಹೆಚ್ಚಾಗಿ 6 ಮಿ.ಮೀ. ದಪ್ಪ, ಒಂದು ಕೊಂಡಿಯ ಒಳ ಉದ್ದ 18 ಮಿ.ಮೀ. ಹನ್ನೊಂದು ಕೊಂಡಿಗೆ 198 ಮಿ.ಮೀ. ಬರಬೇಕು. ಚೈನನ್ನು ಸ್ವಲ್ಪ ಬಿಗಿಯಾಗಿ ಎಳೆದು, ಹೆಚ್ಚು ಓಡಾಡುವ ಭಾಗದಲ್ಲಿ ಅಳೆಯಿರಿ. 202 ದಾಟಿದರೆ ಚೈನ್ ಎಳೆದುಕೊಂಡಿದೆ, ಬದಲಾಯಿಸಿ. ಕೊಂಡಿ ಕೊಂಡಿಗೆ ತಾಗುವ ಜಾಗದಲ್ಲಿ ದಪ್ಪ 5.4ಕ್ಕಿಂತ ಕಡಿಮೆಯಾಗಿದ್ದರೂ ಹಾಗೇ. ಬದಲಾಯಿಸುವಾಗ ಹಾರ್ಡ್‌ವೇರ್ ಅಂಗಡಿಯ ಮಾಮೂಲಿ ಚೈನ್ ಹಾಕಿದರೆ ಕೊಂಡಿಯ ಅಳತೆ ಗಾಲಿಯ ಗುಂಡಿಗೆ ಹೊಂದುವುದಿಲ್ಲ, ಹಾರುತ್ತದೆ. ಪುಲ್ಲಿಗೆಂದೇ ಅಳತೆ ಮಾಡಿ ತಯಾರಿಸಿದ, ಕೊಂಡಿಗಳ ಮೇಲೆ ಗ್ರೇಡ್ 80ರ ಗುರುತು ಇರುವ ಚೈನೇ ಬೇಕು. ಬೋಲ್ಟ್ ಹಾಕಿ ಕೊಂಡಿ ಜೋಡಿಸಿದ್ದು ಕಂಡರೆ ಅಳೆಯುವ ಶ್ರಮವೂ ಬೇಡ, ಪಕ್ಕಕ್ಕಿಡಿ. ಚೈನಿನ ಖಾಲಿ ತುದಿ ಪುಲ್ಲಿಯ ಮೈಗೆ ಪಿನ್ನಿನಲ್ಲಿ ಭದ್ರವಾಗಿದೆಯೇ ನೋಡಿ. ಅದು ಬಿಟ್ಟಿದ್ದರೆ ಪೂರ್ತಿ ಇಳಿಸುವಾಗ ಚೈನ್ ಗಾಲಿ ದಾಟಿ ಹೊರಗೆ ಹರಿದು ಕೆಳಗಿನ ಹುಕ್ಕು ಸಮೇತ ಸುರಿಯುತ್ತದೆ.

ಬಿದ್ದ ಪುಲ್ಲಿಯಲ್ಲಿ ಇದರ ಮೇಲೆ ಇನ್ನಷ್ಟು ನೋಡುವುದಿದೆ: ಪಕ್ಕದ ಪ್ಲೇಟ್ ಬಾಗಿದೆಯೇ, ಕೈ ಚೈನಿನ ಕವಚ ಜಜ್ಜಿ ಚೈನ್ ಸಿಕ್ಕಿಕೊಳ್ಳುತ್ತದೆಯೇ, ಗೇರಿನ ಹಲ್ಲು ಮುರಿದಿದೆಯೇ, ಹುಕ್ಕಿನ ಕತ್ತಿನಲ್ಲಿ ಕೂದಲಿನಂಥ ಬಿರುಕಿದೆಯೇ. ಬಿರುಕು ಬರಿಗಣ್ಣಿಗೆ ಕಾಣದು, ಬಣ್ಣದ ದ್ರವ ಹಾಕಿ ನೋಡುವ ಡೈ ಪೆನಿಟ್ರಂಟ್ ಪರೀಕ್ಷೆ ಮಾಡಿಸಬೇಕು. ಬ್ರೇಕ್ ಬಿಚ್ಚಿ ಲೈನಿಂಗ್ ಹೊಸದು ಹಾಕಿಸಿ. ಗ್ರೀಸ್ ಕುಡಿದದ್ದನ್ನು ಪೆಟ್ರೋಲಿನಲ್ಲಿ ತೊಳೆದರೆ ಮೇಲ್ಮೈ ಒಣಗುತ್ತದೆ, ಬಿಸಿಯಾದಾಗ ಒಳಗಿನದು ಮತ್ತೆ ಹೊರಗೆ ಬರುತ್ತದೆ. ಎಲ್ಲ ಆದ ಮೇಲೆ ಸಕ್ಷಮ ವ್ಯಕ್ತಿಯಿಂದ (ಇಂಥ ಪರೀಕ್ಷೆಗೆ ಮಾನ್ಯತೆ ಪಡೆದವರಿಂದ) ಭಾರ ಪರೀಕ್ಷೆ, ಸಾಮಾನ್ಯವಾಗಿ ಹೇಳಿದ ಭಾರದ ಶೇ. 125, ನಿಮ್ಮದಕ್ಕೆ 1,250 ಕೆ.ಜಿ. ಆ ಪ್ರಮಾಣಪತ್ರ ಇಲ್ಲದೆ ಬೀಮಿಗೆ ಏರಿಸಬೇಡಿ. ಇಷ್ಟೆಲ್ಲ ಖರ್ಚನ್ನು ಕೂಡಿಸಿ ಹೊಸ 1 ಟನ್ ಪುಲ್ಲಿಯ ಬೆಲೆಯೊಂದಿಗೆ ಹೋಲಿಸಿ ನೋಡಿ. ಬಹುಪಾಲು ಸಂದರ್ಭದಲ್ಲಿ ಹೊಸದೇ ಲೇಸು. ಹಳೆಯದನ್ನು ಗುಜರಿಗೆ ಹಾಕುವ ಮೊದಲು ಹುಕ್ಕನ್ನೂ ಚೈನನ್ನೂ ಗ್ಯಾಸಿನಲ್ಲಿ ಕತ್ತರಿಸಿ. ಹಾಗೇ ಕೊಟ್ಟರೆ ಬಣ್ಣ ಬಳಿದುಕೊಂಡು ಇನ್ನೊಂದು ಶಾಪಿಗೆ ಹೋಗುತ್ತದೆ.

ಹೊಸದಕ್ಕೂ ಬ್ರೇಕ್ ಪರೀಕ್ಷೆ ವಾರಕ್ಕೊಮ್ಮೆ ಇರಲಿ. ಗೊತ್ತಿರುವ ಭಾರವನ್ನು ನಾಲ್ಕು ಬೆರಳಷ್ಟು ಎತ್ತಿ, ಲೋಡ್ ಚೈನಿನ ಒಂದು ಕೊಂಡಿಗೆ ಸೀಮೆಸುಣ್ಣದ ಗುರುತು ಹಾಕಿ, ಹತ್ತು ನಿಮಿಷ ಬಿಡಿ. ಗುರುತು ಸರಿದರೆ ಬ್ರೇಕ್ ಜಾರುತ್ತಿದೆ. ದೊಡ್ಡ ಭಾರದಲ್ಲಿ ನಿಂತಿತು ಎಂದು ಸಮಾಧಾನ ಬೇಡ, 50–60 ಕೆ.ಜಿ.ಯ ಸಣ್ಣ ಭಾರದಲ್ಲೂ ನೋಡಿ. ಈ ಬ್ರೇಕನ್ನು ಬಿಗಿ ಮಾಡುವುದೇ ಭಾರವಾದ್ದರಿಂದ ಹಗುರ ವಸ್ತುವಿನಲ್ಲಿ ಜಾರುವ ಪುಲ್ಲಿಗಳು ಇವೆ, ಮತ್ತು ಹಗುರ ವಸ್ತುವಿನ ಕೆಳಗೇ ಜನ ಧೈರ್ಯವಾಗಿ ಕೈ ಹಾಕುವುದು.

ಕಾನೂನಿನ ಕಡೆ ಹೇಳುವುದಾದರೆ, ವರ್ಷಕ್ಕೊಮ್ಮೆಯಾದರೂ ಸಕ್ಷಮ ವ್ಯಕ್ತಿಯಿಂದ ಪೂರ್ಣ ಪರೀಕ್ಷೆ, ಅದರ ರಿಜಿಸ್ಟರು, ಪ್ರತಿ ಪುಲ್ಲಿಯ ಮೇಲೂ ಎತ್ತಬಹುದಾದ ಭಾರದ ಗುರುತು ಎಂಬ ನಿಯಮ 1948ರ ಕಾರ್ಖಾನೆ ಕಾಯ್ದೆಯ 29ನೇ ಕಲಂನಿಂದ ನಡೆದು ಬಂದದ್ದು. ಅಲ್ಲಿ ಪುಲ್ಲಿ ಬ್ಲಾಕ್, ಹುಕ್, ಶಾಕಲ್, ಸ್ಲಿಂಗ್ ಎಲ್ಲವೂ ಹೆಸರು ಹಿಡಿದು ಬಂದಿವೆ. ಸಣ್ಣ ಸಾಮಾನು ಎಂದು ಬಿಡುವಂತಿಲ್ಲ. ನಿಮ್ಮದು ಕಾರ್ಖಾನೆಯಾಗಿ ನೋಂದಣಿಯಾಗಿದ್ದು, ಪೆಟ್ಟಾದವನು 48 ಗಂಟೆ ಅಥವಾ ಅದಕ್ಕಿಂತ ಹೆಚ್ಚು ಕೆಲಸಕ್ಕೆ ಬರಲಾಗದಿದ್ದರೆ ಕಾರ್ಖಾನೆ, ಬಾಯ್ಲರು ಮತ್ತು ಕೈಗಾರಿಕಾ ಸುರಕ್ಷತೆ ಇಲಾಖೆಗೆ ವರದಿಯೂ ಹೋಗಬೇಕಿತ್ತು.

ಹುಡುಗನಿಗೆ ಸಿಗಬೇಕಾದದ್ದು ಇಎಸ್‌ಐನಿಂದ, ಅಂದರೆ ನೌಕರರ ರಾಜ್ಯ ವಿಮೆಯಿಂದ. ಹತ್ತು ಜನರಿಗಿಂತ ಹೆಚ್ಚಿರುವ ಶಾಪ್ ನಿಮ್ಮದು, ತಿಂಗಳ ಸಂಬಳ 21,000 ರೂಪಾಯಿ ಒಳಗಿದ್ದರೆ ಅವನು ಅದರ ವ್ಯಾಪ್ತಿಗೆ ಬರುತ್ತಾನೆ. ಕೆಲಸದಲ್ಲಿ ಆದ ಪೆಟ್ಟಿಗೆ ಇಷ್ಟು ತಿಂಗಳು ಕಂತು ಕಟ್ಟಿರಬೇಕು ಎಂಬ ಷರತ್ತಿಲ್ಲ, ಕೆಲಸಕ್ಕೆ ಸೇರಿದ ಮೊದಲ ದಿನವೇ ಬೆರಳು ಹೋದರೂ ಹಕ್ಕಿದೆ. ಅಪಘಾತ ಪುಸ್ತಕದಲ್ಲಿ ಬರೆದು, ತಕ್ಷಣ ಅಪಘಾತ ವರದಿ ಕೊಡುವುದು ಮಾಲೀಕರ ಕೆಲಸ. ತಡವಾಗಿದ್ದರೂ ಇವತ್ತೇ ಕೊಡಲಿ, ಕೊಡದೇ ಇರುವುದಕ್ಕಿಂತ ಅದು ಮೇಲು. ಗಾಯ ಮಾಯುವವರೆಗೆ ದಿನಗೂಲಿಯ ಸರಾಸರಿಯ ಶೇ. 90 ಅವನ ಖಾತೆಗೆ ಬರುತ್ತದೆ. ಆ ಅವಧಿಯಲ್ಲಿ ಅವನನ್ನು ಕೆಲಸದಿಂದ ತೆಗೆಯುವಂತಿಲ್ಲ.

ಗಾಯ ಮಾಯ್ದ ಮೇಲೆ ವೈದ್ಯಕೀಯ ಮಂಡಳಿಯ ಮುಂದೆ ಹೋಗಬೇಕು. ನಡುಬೆರಳಿನ ಒಂದು ಗೆಣ್ಣು ಹೋದರೆ ಗಳಿಸುವ ಶಕ್ತಿಯಲ್ಲಿ ಶೇ. 7 ನಷ್ಟ ಎಂದು ಕಾನೂನಿನ ಪಟ್ಟಿಯಲ್ಲೇ ಇದೆ. ಇಡೀ ನಡುಬೆರಳಿಗೆ 12, ಇಡೀ ತೋರುಬೆರಳಿಗೆ 14, ಹೆಬ್ಬೆರಳಿಗೆ 30. ಅವನ ಸಂಬಳ 18,000 ಎಂದುಕೊಂಡರೆ ಅದರ ಶೇ. 90 ಅಂದರೆ 16,200, ಅದರಲ್ಲಿ ಶೇ. 7 ಅಂದರೆ ತಿಂಗಳಿಗೆ ಸುಮಾರು 1,130 ರೂಪಾಯಿ, ಜೀವನಪೂರ್ತಿ. ತೋರುಬೆರಳು ಜಜ್ಜಿದ್ದು ಪಟ್ಟಿಯಲ್ಲಿ ನೇರವಾಗಿ ಇಲ್ಲ. ಅದು ಎಷ್ಟು ಮಡಿಸುತ್ತದೆ, ಹಿಡಿತ ಎಷ್ಟಿದೆ ಎಂದು ಮಂಡಳಿ ನೋಡಿ ಸೇರಿಸಬೇಕು. ಎಕ್ಸ್‌ರೇ, ಆಪರೇಷನ್ ಚೀಟಿ, ಫಿಸಿಯೋಥೆರಪಿ ಕಾಗದಗಳನ್ನು ಅವನು ಜೋಪಾನವಾಗಿ ಇಟ್ಟುಕೊಂಡು ಆ ಬೆರಳನ್ನೂ ಬರೆಸುವಂತೆ ಕೇಳಲಿ, ಹುಡುಗರು ಸಾಮಾನ್ಯವಾಗಿ ಹೋದ ಬೆರಳನ್ನು ಮಾತ್ರ ತೋರಿಸಿ ಬರುತ್ತಾರೆ. ಗ್ಲೌಸ್ ಹಾಕಿರಲಿಲ್ಲ ಎಂಬುದು ಇದನ್ನೆಲ್ಲ ತಪ್ಪಿಸುವ ಕಾರಣವಾಗುವುದಿಲ್ಲ. ಮಾಲೀಕರ ಕೆಲಸ ಮಾಡುತ್ತಿದ್ದಾಗ ಆದದ್ದು, ಅಷ್ಟು ಸಾಕು. ನೋಂದಣಿಯೇ ಆಗಿರಲಿಲ್ಲ ಎಂದಾದರೂ ಹುಡುಗನ ಹಕ್ಕು ಹೋಗದು. ಇಎಸ್‌ಐ ನಿಗಮ ಅವನಿಗೆ ಕೊಟ್ಟು ಮಾಲೀಕರಿಂದ ವಸೂಲು ಮಾಡಬಹುದು.

ನೀವು ಕೇಳದಿದ್ದರೂ ಇದನ್ನು ಬರೆದು ಪ್ರಥಮ ಚಿಕಿತ್ಸೆ ಪೆಟ್ಟಿಗೆಯ ಮುಚ್ಚಳದ ಒಳಗೆ ಅಂಟಿಸಿ. ಕೈ ಭಾರದಡಿ ಸಿಕ್ಕಿದ್ದರೆ ಎಳೆಯಬಾರದು. ಜಾರಿದ ಪುಲ್ಲಿಯಲ್ಲೇ ಮತ್ತೆ ಎತ್ತಲೂ ಬಾರದು, ಜ್ಯಾಕ್ ಅಥವಾ ಬೇರೆ ಪುಲ್ಲಿ ಬಳಸಿ, ಎತ್ತಿದಷ್ಟೂ ಮರದ ದಿಮ್ಮಿ ತೂರಿಸುತ್ತಾ ಹೋಗಬೇಕು. ಕೈ ಬಂದ ತಕ್ಷಣ ಉಂಗುರ, ಕಡಗ, ಕಾಶಿದಾರ ತೆಗೆಯಿರಿ. ಅರ್ಧ ಗಂಟೆಯಲ್ಲಿ ಊದಿಕೊಂಡರೆ ಉಂಗುರವೇ ಬೆರಳಿಗೆ ನೇಣಾಗುತ್ತದೆ. ಶುದ್ಧ ಬಟ್ಟೆ ಇಟ್ಟು ಒತ್ತಿ ಹಿಡಿದು ಕೈಯನ್ನು ಎದೆಗಿಂತ ಮೇಲೆ ಎತ್ತಿಸಿ. ಅರಿಶಿನ, ಕಾಫಿಪುಡಿ ಬೇಡ, ಸರ್ಜನ್ ಅದನ್ನೆಲ್ಲ ಕೆರೆದು ತೆಗೆಯಬೇಕಾಗುತ್ತದೆ. ಚರ್ಮದ ಎಳೆಯಲ್ಲಿ ನೇತಾಡುವ ಬೆರಳನ್ನು ಕತ್ತರಿಸಬೇಡಿ, ಇದ್ದಂತೆಯೇ ಸೇರಿಸಿ ಕಟ್ಟಿ. ಪೂರ್ತಿ ತುಂಡಾಗಿದ್ದರೆ ಶುದ್ಧ ನೀರಿನಲ್ಲಿ ಮೆಲ್ಲಗೆ ತೊಳೆದು, ಒದ್ದೆ ಮಾಡಿ ಹಿಂಡಿದ ಗಾಜ್ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಬಾಯಿ ಕಟ್ಟಿ, ಆ ಚೀಲವನ್ನು ಐಸ್ ಹಾಕಿದ ನೀರಿನಲ್ಲಿ ಇಡಿ. ಬೆರಳು ನೇರ ಐಸಿಗೆ ತಾಗಿದರೆ ಮಾಂಸ ಹೆಪ್ಪುಗಟ್ಟಿ ಸಾಯುತ್ತದೆ, ಜೋಡಿಸಲು ಬರುವುದಿಲ್ಲ. ಹೀಗೆ ಇಟ್ಟು ಆರು ಗಂಟೆಯೊಳಗೆ ಕೈ ಮೈಕ್ರೋಸರ್ಜರಿ ಇರುವ ಆಸ್ಪತ್ರೆಗೆ ತಲುಪಿಸಿ. ಹೊರಡುವ ಮೊದಲೇ ಫೋನ್ ಮಾಡಿ ಸರ್ಜನ್ ಇದ್ದಾರೆಯೇ ಕೇಳಿಕೊಂಡರೆ ಊರೆಲ್ಲ ಅಲೆಯುವುದು ತಪ್ಪುತ್ತದೆ. ಟಿಟಿ ಇಂಜೆಕ್ಷನ್ ಬೇಕೇ ಎಂದೂ ಕೇಳಿ. ರಕ್ತವೇ ಬಾರದ ಜಜ್ಜುಗಾಯವನ್ನೂ ಹಗುರ ಎನ್ನಬೇಡಿ. ಅಂಗೈ ಕಲ್ಲಿನಂತೆ ಬಿಗಿದು, ನೋವಿನ ಮಾತ್ರೆಗೂ ಜಗ್ಗದೆ, ಬೆರಳನ್ನು ಯಾರಾದರೂ ನೇರ ಮಾಡಿದರೆ ಚೀರುವಷ್ಟು ನೋವಾದರೆ ಒಳಗೆ ಒತ್ತಡ ಏರಿ ರಕ್ತ ಓಡಾಡುತ್ತಿಲ್ಲ ಎಂದು ಅರ್ಥ. ಅದು ಬೆಳಗ್ಗೆವರೆಗೆ ಕಾಯುವ ಕಾಯಿಲೆಯಲ್ಲ, ಕೆಲವೇ ಗಂಟೆಗಳಲ್ಲಿ ಕೊಯ್ದು ಒತ್ತಡ ಬಿಡಿಸಬೇಕು.

ನಿಮ್ಮ ಹುಡುಗ ಈಗ ತೋರುಬೆರಳನ್ನು ಅಲ್ಲಾಡಿಸದೆ ಕಾಪಾಡಿಕೊಳ್ಳುತ್ತಿರಬಹುದು. ಸರ್ಜನ್ ಒಪ್ಪಿದ ದಿನದಿಂದಲೇ ಅದನ್ನು ಮಡಿಸುವ ವ್ಯಾಯಾಮ ಶುರುವಾಗಬೇಕು, ಬಿಗಿದುಕೊಂಡ ಗೆಣ್ಣನ್ನು ಆಮೇಲೆ ಸಡಿಲಿಸುವುದು ಬಹಳ ಕಷ್ಟ. ತುಂಡಾದ ತುದಿ ಮುಟ್ಟಿದರೆ ಶಾಕ್ ಹೊಡೆದಂತೆ ಆಗುವುದು, ಚಳಿಯಲ್ಲಿ ಜುಮ್ಮೆನ್ನುವುದು ತಿಂಗಳುಗಟ್ಟಲೆ ಇರುತ್ತದೆ. ಹತ್ತಿ, ಆಮೇಲೆ ಟವೆಲ್, ಆಮೇಲೆ ಅಕ್ಕಿ ಡಬ್ಬದೊಳಗೆ ಬೆರಳಾಡಿಸಿ ರೂಢಿ ಮಾಡಿಸುವ ಕ್ರಮವನ್ನು ಫಿಸಿಯೋಥೆರಪಿಯವರು ಹೇಳಿಕೊಡುತ್ತಾರೆ. ಕೆಲಸಕ್ಕೆ ವಾಪಸ್ ಬಂದಾಗ ಸರ್ಜನ್ ಹೇಳುವವರೆಗೆ ಆ ಕೈಗೆ ಗ್ರೈಂಡರ್ ಕೊಡಬೇಡಿ, ಸ್ಟೋರ್ಸಿನಲ್ಲೋ ಇನ್‌ಸ್ಪೆಕ್ಷನ್ ಟೇಬಲ್ಲಿನಲ್ಲೋ ಹಾಕಿ.